ಬೆಕ್ಕಿನ ಎತ್ತರಕ್ಕೆ ಬಗ್ಗಿ ನೋಡಿ

ಸಾಗರದ ಕಡೆಯ ಓದುಗರೊಬ್ಬರ ಪತ್ರ: ‘ನಾಯಿಗೆ ತಂದ ಉಣ್ಣಿ ಔಷಧಿ ಸ್ವಲ್ಪ ಉಳಿದಿತ್ತು. ದಂಡ ಮಾಡೋದ್ಯಾಕೆ ಅಂತ ಬೆಕ್ಕಿನ ಕತ್ತಿಗೂ ಹಚ್ಚಿದೆ. ಸಂಜೆಗೆ ಜೊಲ್ಲು ಸುರಿಸುತ್ತ ನಡುಗತೊಡಗಿತು. ಡಾಕ್ಟರು ಹೇಗೋ ಉಳಿಸಿಕೊಟ್ಟರು. ಈಗ ಮನೆಯ ಪ್ರತಿ ಬಾಟಲಿ ಕಂಡರೂ ಭಯ. ಮೊಮ್ಮಗಳು ಅಂಬೆಗಾಲಿಡುತ್ತಾಳೆ, ಅವಳಿಗೋಸ್ಕರ ದಿನಕ್ಕೆರಡು ಸಲ ಫಿನಾಯಿಲ್ ಹಾಕಿ ಒರೆಸುತ್ತೇನೆ. ಏನೇನು ಎಸೆಯಲಿ? ಮನಿ ಪ್ಲಾಂಟ್ ಇಟ್ಟರೆ ಗಾಳಿ ಶುದ್ಧವಾಗುತ್ತದಂತೆ, ನಿಜವೇ?’

ಅಮ್ಮ, ಮೊದಲು ನಿಮ್ಮನ್ನು ನೀವು ಬೈದುಕೊಳ್ಳುವುದು ಬಿಡಿ. ನಾಯಿಗೆ ಆಗುವುದು ಬೆಕ್ಕಿಗೂ ಆಗುತ್ತದೆ ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ನಾಯಿಯ ಉಣ್ಣಿ ಔಷಧಿಗಳಲ್ಲಿ ಹಲವಕ್ಕೆ ಪರ್ಮೆಥ್ರಿನ್ ಎಂಬ ಕೀಟನಾಶಕ ಹಾಕಿರುತ್ತಾರೆ. ನಾಯಿಯ ಪಿತ್ತಜನಕಾಂಗ ಅದನ್ನು ಒಡೆದು ಹೊರಗೆ ಹಾಕುತ್ತದೆ, ಬೆಕ್ಕಿನದಕ್ಕೆ ಆ ಶಕ್ತಿ ತೀರಾ ಕಡಿಮೆ. ನಾಯಿಗೆ ಹಚ್ಚಿದ ಮೇಲೂ ಮೂರು ದಿನ ಎರಡನ್ನೂ ಒಟ್ಟಿಗೆ ಮಲಗಿಸಬೇಡಿ. ಇನ್ನೊಮ್ಮೆ ಹೀಗಾದರೆ ಪಾತ್ರೆ ತೊಳೆಯುವ ಸೋಪಿನಿಂದ ಮೈ ತೊಳೆದು, ಔಷಧಿಯ ಪ್ಯಾಕೆಟ್ ಸಮೇತ ಡಾಕ್ಟರ ಹತ್ತಿರ ಓಡಿ.

ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆ ಹುಟ್ಟಿಸಿದ್ದು ಆ ಫಿನಾಯಿಲ್. ಕರಿ ಫಿನಾಯಿಲ್‌ನಲ್ಲಿ ಇರುವುದು ಫಿನಾಲ್ ಜಾತಿಯ ವಸ್ತುಗಳು. ಅವನ್ನೂ ಬೆಕ್ಕು ಅರಗಿಸಿಕೊಳ್ಳಲಾರದು. ಬೆಕ್ಕು ಫಿನಾಯಿಲ್ ಕುಡಿಯುವುದಿಲ್ಲ, ನಿಜ. ಆದರೆ ಒದ್ದೆ ನೆಲದ ಮೇಲೆ ನಡೆದು, ಮೂಲೆಯಲ್ಲಿ ಕೂತು ಅಂಗಾಲು ನೆಕ್ಕುತ್ತದೆ. ಮೊಮ್ಮಗಳೂ ಅದೇ ನೆಲದ ಮೇಲೆ ಕೈಯೂರಿ, ಅದೇ ಕೈಯನ್ನು ಬಾಯಿಗಿಡುತ್ತಾಳೆ, ಅಲ್ವಾ? ನಾವು ದೊಡ್ಡವರು ನಿಂತು ಮನೆ ನೋಡುತ್ತೇವೆ. ಒಮ್ಮೆ ಅವರಿಬ್ಬರ ಎತ್ತರಕ್ಕೆ ಬಗ್ಗಿ ನೋಡಿ. ಎಸೆಯಬೇಕಾದ್ದು ಯಾವುದು ಅಂತ ಅಲ್ಲೇ ಕಾಣುತ್ತದೆ. ಒಳಗಿನ ನೆಲಕ್ಕೆ ಬಿಸಿನೀರು, ಚೂರು ಸೋಪು ಸಾಕು. ಘಾಟು ಬಂದರೇನೇ ಶುಚಿ ಅನ್ನುವುದು ನಮ್ಮ ಮೂಗಿನ ಅಭ್ಯಾಸ, ಅಷ್ಟೇ.

ಹಾಗೆ ಬಗ್ಗಿದಾಗ ಇನ್ನೂ ಏನೇನೋ ಸಿಗುತ್ತದೆ. ಜಿರಲೆಗೆ ಗೆರೆ ಎಳೆಯುವ ಸೀಮೆಸುಣ್ಣ. ಮಗುವಿಗೆ ಅದು ಸ್ಲೇಟಿನ ಬಳಪವೇ. ಬಟ್ಟೆಯ ಮಧ್ಯದಿಂದ ಉರುಳಿ ಬಿದ್ದ ನುಸಿಗುಳಿಗೆ ಪೆಪ್ಪರ್‌ಮೆಂಟಿನಂತೆ ಕಾಣುತ್ತದೆ. ಅದರ ನ್ಯಾಫ್ತಲೀನ್ ರಕ್ತಕಣಗಳನ್ನು ಒಡೆಯಬಲ್ಲದು. ಕೆಲವು ಶಿಶುಗಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವ ಕಡಿಮೆ ಇರುತ್ತದೆ, ಅವಕ್ಕಂತೂ ಗುಳಿಗೆ ಹಾಕಿಟ್ಟ ಬಟ್ಟೆಯಿಂದಲೂ ತೊಂದರೆ. ಬಟ್ಟೆ ಬಿಸಿಲಿಗೆ ಹಾಕಿ, ಗುಳಿಗೆ ಬಿಡಿ. ಇಲಿ ಪಾಷಾಣದ ಬದಲು ಬೋನು ಇಡಿ. ಪಾಷಾಣ ತಿಂದ ಇಲಿಯನ್ನು ಬೆಕ್ಕು ತಿಂದರೆ ಅದಕ್ಕೂ ವಿಷವೇರಬಹುದು.

ಸೊಳ್ಳೆಬತ್ತಿ ಹೊತ್ತಿಸುತ್ತೀರಾ? ಒಂದು ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣ ಬಿಡುತ್ತದೆ ಎಂದು 2003ರ ಒಂದು ಅಧ್ಯಯನ ಅಳೆದು ಹೇಳಿತ್ತು. ಮಲೆನಾಡಿನಲ್ಲಿ ಸೊಳ್ಳೆಯನ್ನು ಸುಮ್ನೆ ಬಿಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಪರದೆ ಕಟ್ಟಿ. ಅದು ಔಷಧಿ ಹಾಕಿದ ಪರದೆಯಾದರೆ ಮಾತ್ರ ಲೇಬಲ್ ಓದಿ, ಅದರಲ್ಲೂ ಪರ್ಮೆಥ್ರಿನ್ ಇರಬಹುದು.

ಹಳೆಯ ಮನೆಯಾದರೆ ಕಿಟಕಿಯ ಬಣ್ಣವನ್ನೂ ನೋಡಿ. ಮನೆ ಬಣ್ಣದಲ್ಲಿ ಸೀಸವೆಂಬ ವಿಷಲೋಹ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಯಾಗಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣ ಸಿಪ್ಪೆ ಏಳುತ್ತಿದ್ದರೆ ಒಣ ಉಪ್ಪುಕಾಗದ ಹಾಕಿ ಉಜ್ಜಿಸಬೇಡಿ. ನೀರು ಹಚ್ಚಿ ಕೆರೆಸಿ. ಆ ದಿನ ಮಗು, ಬೆಕ್ಕು ಎರಡೂ ಪಕ್ಕದ ಮನೆಯಲ್ಲಿರಲಿ.

ಬೆಕ್ಕಿನ ನಡುಕ ಅಂದಾಗ ಮಿನಮಾಟಾ ನೆನಪಾಯಿತು. 1950ರ ದಶಕದಲ್ಲಿ ಜಪಾನಿನ ಆ ಕಡಲತೀರದಲ್ಲಿ ಬೆಕ್ಕುಗಳು ಕುಣಿದಂತೆ ತತ್ತರಿಸಿ ಸಾಯುತ್ತಿದ್ದವು. ಜನರ ಕಾಯಿಲೆ ಅಧಿಕೃತವಾಗಿ ದಾಖಲಾಗಿದ್ದು 1956ರ ಮೇ ತಿಂಗಳಲ್ಲಿ. ಬೆಕ್ಕೂ ಜನರೂ ತಿಂದದ್ದು ಕಾರ್ಖಾನೆಯ ಪಾದರಸ ಸೇರಿದ ಅದೇ ಮೀನು. ನಿಮ್ಮ ಮನೆಯ ಕಥೆ ಅಷ್ಟು ಘೋರವಲ್ಲ ಬಿಡಿ. ಆದರೂ ಬೆಕ್ಕು ಸುಮ್ಮಸುಮ್ಮನೆ ಜೊಲ್ಲು ಸುರಿಸಿದರೆ ಮೊಮ್ಮಗಳ ಕೈಗೆ ಏನು ಸಿಗುತ್ತಿದೆ ಅಂತಲೂ ಹುಡುಕಿ.

ಇನ್ನು ಮನಿ ಪ್ಲಾಂಟ್. ಗಿಡ ಗಾಳಿ ಶುದ್ಧ ಮಾಡುತ್ತದೆ ಎಂಬ ಮಾತಿಗೆ ಮೂಲವಾದ 1989ರ ನಾಸಾ ಪರೀಕ್ಷೆ ನಡೆದದ್ದು ಮುಚ್ಚಿದ ಪೆಟ್ಟಿಗೆಯೊಳಗೆ. ನಮ್ಮ ಮನೆಗಳಲ್ಲಿ ಕಿಟಕಿ ತೆರೆದರೆ ಆಗುವಷ್ಟು ಕೆಲಸ ನಾಲ್ಕು ಕುಂಡಗಳಿಂದ ಆಗುವುದಿಲ್ಲ. ಚಂದಕ್ಕೆ ಬೇಕಿದ್ದರೆ ಇಡಿ, ಆದರೆ ಎತ್ತರದಲ್ಲಿ. ಎಲೆ ಕಡಿದರೆ ಬೆಕ್ಕಿಗೂ ಮಗುವಿಗೂ ಬಾಯಿ ಉರಿ ಬರುತ್ತದೆ.

— ಸಂಪಾದಕ