ಸಕ್ಕರೆ ಡಬ್ಬಿ ಖಾಲಿ, ಶುಗರ್ ಮಾತ್ರ ಇಳಿದಿಲ್ಲ: ಒಂದು ಮಾಚಾ ಕ್ಯಾಂಡಿ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಆಹಾರ ಸಲಹೆ ಕೇಳಿ ನಮ್ಮಲ್ಲಿಗೆ ಬಂದವರು 44 ವರ್ಷದ ಶಿಕ್ಷಕಿ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ರಕ್ತದ ಸಕ್ಕರೆ ತೋರಿಸುವ ಪರೀಕ್ಷೆ) 6.2, ಅಂದರೆ ಮಧುಮೇಹದ ಹೊಸ್ತಿಲು. ಹಿಮೋಗ್ಲೋಬಿನ್ 10.1, ಕಬ್ಬಿಣದ ಮಾತ್ರೆ ನುಂಗುತ್ತಿದ್ದರೂ ಏರುತ್ತಿಲ್ಲ. “ಮನೇಲಿ ಸಕ್ಕರೆನೇ ಇಲ್ಲ ಮೇಡಂ. ಹೊರಗಿನ ಐಸ್‌ಕ್ರೀಮೂ ತರಲ್ಲ. ಹಣ್ಣು, ಮಾಚಾ ಹಾಕಿ ನಾನೇ ಕ್ಯಾಂಡಿ ಮಾಡ್ತೀನಿ. ಆದ್ರೂ ಶುಗರ್ ಯಾಕೆ ಇಳೀತಿಲ್ಲ?” ಒಂಬತ್ತು ವರ್ಷದ ಮಗನಿಗೆ ರಾತ್ರಿ ಬೇಗ ನಿದ್ದೆ ಹತ್ತುವುದಿಲ್ಲ ಎಂಬುದನ್ನು ಎದ್ದು ಹೊರಡುವಾಗ ಹೇಳಿದರು.

ಕ್ಯಾಂಡಿಯ ಅಳತೆ ಬರೆದುಕೊಡಲು ಕೇಳಿದೆವು. ಆರು ಕ್ಯಾಂಡಿಗೆ ಹತ್ತು ಸಣ್ಣ ಖರ್ಜೂರ (ಸುಮಾರು 80 ಗ್ರಾಂ), ಎರಡು ಬಾಳೆಹಣ್ಣು, ಒಂದು ಲೋಟ ಹಾಲು, ಎರಡು ದೊಡ್ಡ ಚಮಚ ಜೇನು, ಎರಡು ಟೀ ಚಮಚ ಮಾಚಾ (ಹಸಿರು ಚಹಾ ಎಲೆಯ ಪುಡಿ). ಸಂಜೆ ಏಳಕ್ಕೆ ಮನೆಯ ಮೂವರಿಗೂ ತಲಾ ಎರಡು. ಅದಾದ ಮೇಲೆ ಅವರ ಕಬ್ಬಿಣದ ಮಾತ್ರೆ.

ಉತ್ತರ ಆ ಚೀಟಿಯಲ್ಲೇ ಇತ್ತು. ಖರ್ಜೂರದ ತೂಕದಲ್ಲಿ ಮೂರನೇ ಎರಡು ಭಾಗ ಸಕ್ಕರೆಯೇ. ಜೇನಿನಲ್ಲಿ ಇನ್ನೂ ಹೆಚ್ಚು. ಬಾಳೆಹಣ್ಣನ್ನು ಲೆಕ್ಕದಿಂದ ಬಿಟ್ಟರೂ ಎರಡು ಕ್ಯಾಂಡಿಯಲ್ಲಿ 28 ಗ್ರಾಂ, ಅಂದರೆ ಐದೂವರೆ ಟೀ ಚಮಚ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ ಜೇನನ್ನೂ ಹಣ್ಣಿನ ರಸವನ್ನೂ ಸಕ್ಕರೆಯ ಲೆಕ್ಕಕ್ಕೇ ಸೇರಿಸುತ್ತದೆ. ಇಡಿಯಾಗಿ ಅಗಿದು ತಿನ್ನುವ ಹಣ್ಣನ್ನು ಸೇರಿಸುವುದಿಲ್ಲ.

ಇಷ್ಟು ಜೇನು ಏಕೆ ಬೇಕಾಯಿತು ಎಂದು ಕೇಳಿದಾಗ “ಇಲ್ಲಾಂದ್ರೆ ಕಹಿ” ಎಂದರು. ಮೂಲ ತೊಡಕು ಇದೇ. ಕೊಯ್ಲಿಗೆ ಮೊದಲು ಕೆಲವು ವಾರ ನೆರಳಲ್ಲಿ ಬೆಳೆಸಿದ ಚಹಾ ಎಲೆಯನ್ನು ನುಣ್ಣಗೆ ಬೀಸಿದ ಪುಡಿ ಮಾಚಾ. ಸೋಸಿ ಎಸೆಯುವುದಿಲ್ಲ, ಎಲೆ ಪೂರ್ತಿ ಹೊಟ್ಟೆಗೆ ಹೋಗುತ್ತದೆ. ಹಾಗಾಗಿ ಒಗರೂ ಹೆಚ್ಚು, ಕೆಫೀನೂ ಹೆಚ್ಚು. ಜಪಾನಿನ ಚಹಾ ವಿಧಿಯಲ್ಲಿ ಇದಕ್ಕೆ ಸಕ್ಕರೆ ಬೆರೆಸುವುದಿಲ್ಲ, ಕುಡಿಯುವ ಮುಂಚೆ ಚಿಕ್ಕದೊಂದು ಸಿಹಿ ತಿನ್ನುತ್ತಾರೆ. ಇವರು ಮಾಚಾ ಹೆಚ್ಚಿಸಿದಂತೆಲ್ಲ ಜೇನು ಸುರಿಯುತ್ತಾ ಹೋಗಿದ್ದರು. ತಣ್ಣಗಾದಷ್ಟೂ ನಾಲಿಗೆಗೆ ಸಿಹಿ ಕಡಿಮೆ ತಿಳಿಯುವುದರಿಂದ ಫ್ರೀಜರಿನ ತಿನಿಸಿಗೆ ಮತ್ತಷ್ಟು ಬೇಕಾಗುತ್ತಿತ್ತು. ಬಾಳೆಹಣ್ಣಿನ ಬದಲು ಕಿವಿ, ಮೊಸರು ಹಾಕಿದ ದಿನ ಕಹಿ ತೀರಾ ಹೆಚ್ಚು ಎಂದೂ ಹೇಳಿದರು. ಅದು ಮಾಚಾದ ತಪ್ಪಲ್ಲ: ಹಸಿ ಕಿವಿ, ಪಪ್ಪಾಯ, ಅನಾನಸ್‌ಗಳಲ್ಲಿರುವ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುತ್ತದೆ, ಹೊತ್ತು ಕಳೆದಂತೆ ಕಹಿ ಏರುತ್ತದೆ. ಈ ಹಣ್ಣುಗಳನ್ನು ತಿನ್ನುವ ಹೊತ್ತಿಗೆ ಮೇಲೆ ಹಾಕಿಕೊಂಡರೆ ಸಾಕು.

ಕೊಟ್ಟ ಸಲಹೆ: ಮಾಚಾ ಅರ್ಧಕ್ಕಿಳಿಸಿ, ಜೇನು, ಖರ್ಜೂರ ಎರಡನ್ನೂ ಪೂರ್ತಿ ಬಿಡಿ.

400 ಗ್ರಾಂ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ನೀರು ಬಸಿಯಲು ಬಿಟ್ಟರೆ ಸುಮಾರು 200 ಗ್ರಾಂ ಗಟ್ಟಿ ಮೊಸರು ಸಿಗುತ್ತದೆ. ಹುಳಿ ಬಂದ ಮೊಸರು ಬೇಡ. ಹುಳಿಗೆ ಮಾಚಾದ ಹಸಿರು ಮಂಕಾಗುತ್ತದೆ. ಚೆನ್ನಾಗಿ ಕಳಿತ ಬಾಳೆಹಣ್ಣು 100 ಗ್ರಾಂ, ಸಿಪ್ಪೆ ಬಿಟ್ಟು. ಹುರಿದ ಕಡಲೆಬೀಜವನ್ನು ನುಣ್ಣಗೆ ಅರೆದದ್ದು ಒಂದು ದೊಡ್ಡ ಚಮಚ. ಏಲಕ್ಕಿ, ಒಂದು ಚಿಟಿಕೆ ಉಪ್ಪು. ಉಪ್ಪು ಕಹಿಯನ್ನು ತಗ್ಗಿಸುತ್ತದೆ, ಬಿಡಬೇಡಿ. ಮಾಚಾ ಒಂದೇ ಟೀ ಚಮಚ, ಮಟ್ಟ ಮಾಡಿ (2 ಗ್ರಾಂ). ಅದನ್ನು ಜರಡಿ ಹಿಡಿಯಿರಿ, ಇಲ್ಲದಿದ್ದರೆ ಗಂಟು ಒಡೆಯುವುದೇ ಇಲ್ಲ. ನೀರು ಕುದಿಸಿ, ಐದು ನಿಮಿಷ ಆರಲು ಬಿಟ್ಟು, ಎರಡು ದೊಡ್ಡ ಚಮಚದಷ್ಟರಲ್ಲಿ ಕಲಸಿ. ಕುದಿಯುವ ನೀರನ್ನೇ ಹಾಕಿದರೆ ಒಗರು ಮುಂದಾಗುತ್ತದೆ. ಎಲ್ಲವನ್ನೂ ಸೇರಿಸಿ ಅಚ್ಚಿಗೆ ಹುಯ್ದರೆ ಐದು ಕ್ಯಾಂಡಿ, ಒಂದರಲ್ಲಿ ಬಾಳೆಹಣ್ಣಿನ ಸಕ್ಕರೆ ಸುಮಾರು ಮೂರು ಗ್ರಾಂ. ಸಕ್ಕರೆ ಕಡಿಮೆಯಾದ್ದರಿಂದ ಕಲ್ಲಿನಂತೆ ಗಟ್ಟಿಯಾಗುತ್ತದೆ. ತಿನ್ನುವ ಹತ್ತು ನಿಮಿಷ ಮೊದಲು ಹೊರಗಿಡಿ. ಮಾವಿನ ಕಾಲದಲ್ಲಿ ಬಾಳೆಹಣ್ಣಿನ ಬದಲು ಅಷ್ಟೇ ತೂಕದ ಬಾದಾಮಿ ಅಥವಾ ರಸಪುರಿ ಹಾಕಬಹುದು, ಬಾಳೆ, ಮಾವು ಎರಡನ್ನೂ ಸೇರಿಸಬಾರದು.

ಹಾಲು ಬೇಡವೆನಿಸಿದ ದಿನಕ್ಕೆ ಅಗರ್ ಅಗರ್ (ಕಡಲಪಾಚಿಯಿಂದ ತೆಗೆದ, ಜೆಲ್ಲಿಯಂತೆ ಹೆಪ್ಪುಗಟ್ಟಿಸುವ ಪುಡಿ). ಒಂದು ಟೀ ಚಮಚ ಪುಡಿಯನ್ನು 300 ಮಿ.ಲೀ. ನೀರಿನಲ್ಲಿ ಎರಡು ನಿಮಿಷ ಕುದಿಸಿ. ಉಗುರುಬೆಚ್ಚಗಿಗಿಂತ ಸ್ವಲ್ಪ ಬಿಸಿ ಇರುವಾಗ ಕಲಸಿದ ಮಾಚಾ ಬೆರೆಸಿ ಸೀಬೆ ಹೋಳುಗಳ ಮೇಲೆ ಹುಯ್ಯಿರಿ. ಮಾಚಾ ಕರಗುವ ಪುಡಿಯಲ್ಲ, ಇನ್ನೂ ಬಿಸಿಯಲ್ಲೇ ಹುಯ್ದರೆ ತಳ ಸೇರುತ್ತದೆ. ಹೋಳು ಫ್ರಿಜ್ಜಿನಿಂದ ನೇರವಾಗಿ ಬಂದಿದ್ದರೆ ತಾಕಿದಲ್ಲೇ ಹೆಪ್ಪುಗಟ್ಟಿ ಗಂಟಾಗುತ್ತದೆ.

ಹೊತ್ತಿನ ವಿಷಯದಲ್ಲಿ ಮಾತ್ರ ನಾವು ರಾಜಿಯಾಗಲಿಲ್ಲ. ಚಹಾದ ಒಗರು ಅಂಶ ಕಬ್ಬಿಣವನ್ನು ಕಟ್ಟಿಹಾಕಿ ದೇಹಕ್ಕೆ ಸೇರಗೊಡುವುದಿಲ್ಲ. ಆದ್ದರಿಂದ ಮಾತ್ರೆಯನ್ನು ವೈದ್ಯರನ್ನು ಕೇಳಿ ಬೆಳಿಗ್ಗೆಗೆ ಬದಲಿಸಿ, ನಿಂಬೆ ನೀರಿನೊಂದಿಗೆ ತೆಗೆದುಕೊಳ್ಳಿ. ಕ್ಯಾಂಡಿ ಮಧ್ಯಾಹ್ನ ಮೂರೂವರೆ ಸುಮಾರಿಗೆ, ಊಟಕ್ಕೂ ಅದಕ್ಕೂ ಕನಿಷ್ಠ ಒಂದು ಗಂಟೆ ಅಂತರವಿರಲಿ. ಒಂದು ಗ್ರಾಂ ಮಾಚಾದಲ್ಲಿ ಸುಮಾರು 30 ಮಿಲಿಗ್ರಾಂ ಕೆಫೀನ್ ಇರುತ್ತದೆ. ಹಳೆಯ ಅಳತೆಯಲ್ಲಿ ಮಗನಿಗೆ ಸಂಜೆ ಏಳರ ಮೇಲೆ 40 ಮಿಲಿಗ್ರಾಂ ಹೋಗುತ್ತಿತ್ತು. ಮಾಚಾ ಬೆರೆಸುವ ಮೊದಲೇ ಅವನ ಪಾಲು ತೆಗೆದು ಬೇರೆ ಅಚ್ಚಿಗೆ ಹಾಕಿ ಎಂದೆವು.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಸಲಹೆ ಹೊಂದುವುದಿಲ್ಲ: ಎಲೆಪುಡಿಯಲ್ಲಿ ವಿಟಮಿನ್ ಕೆ ಹೇರಳ, ಅದು ಆ ಔಷಧಿಯ ಕೆಲಸಕ್ಕೆ ಅಡ್ಡ ಬರುತ್ತದೆ.

ಎರಡು ವಾರದೊಳಗೆ ಮಗನ ನಿದ್ದೆ ಸರಿಹೋಯಿತು. ಮೂರು ತಿಂಗಳ ಬಳಿಕ ತಾಯಿಯ ಎಚ್‌ಬಿಎ1ಸಿ 5.9, ಹಿಮೋಗ್ಲೋಬಿನ್ 11.4. ಈ ನಡುವೆ ಅವರು ಸಂಜೆ ನಡಿಗೆಯನ್ನೂ ಶುರು ಮಾಡಿದ್ದರು, ಆದ್ದರಿಂದ ಪೂರ್ತಿ ಕೀರ್ತಿ ಕ್ಯಾಂಡಿಗೆ ಸಲ್ಲದು. ಈ ಸಲ ಅವರು ಕೇಳಿದ್ದು ಅಗ್ಗದ ‘ಮಾಚಾ ಮಿಕ್ಸ್’ ಬಗ್ಗೆ. ಪೊಟ್ಟಣದ ಹಿಂದೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಿರುತ್ತಾರೆ; ಅವರು ತಂದದ್ದರಲ್ಲಿ ಮೊದಲ ಹೆಸರು ಸಕ್ಕರೆ. ಹಸಿರು ಚಹಾ ಪುಡಿ ಒಂದೇ ಇರುವ ಚಿಕ್ಕ ಡಬ್ಬಿ ಕೊಳ್ಳಿ, ಬಿಗಿಯಾಗಿ ಮುಚ್ಚಿ ಬೆಳಕು ಬೀಳದ ಕಡೆ ಇಡಿ, ಹಳದಿಗೆ ತಿರುಗುವ ಮೊದಲು ಮುಗಿಸಿ ಎಂದು ಬರೆದುಕೊಟ್ಟೆವು.