ಒತ್ತಕ್ಷರ ಕಾಣದ ಮಾನಿಟರ್ ಯಾರಿಗೆ ಬೇಕು?

ಈ ತಿಂಗಳು ಬಂದ ಪತ್ರಗಳಲ್ಲಿ ಮತ್ತೆ ಅದೇ ಪ್ರಶ್ನೆ: ‘ಎಷ್ಟು ಹರ್ಟ್ಸ್‌ನ ಮಾನಿಟರ್ ಕೊಳ್ಳಲಿ?’ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬ ಈ ಅಂಕಿ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿದೆ ಎಂದಮಾತ್ರಕ್ಕೆ ಅದೇ ಮುಖ್ಯ ಸಂಗತಿಯಾಗುವುದಿಲ್ಲ. ದಿನವಿಡೀ ಪರದೆಯ ಮೇಲೆ ಕನ್ನಡ ಓದುವವರಿಗಂತೂ ಖಂಡಿತ ಅಲ್ಲ. ಆದ್ದರಿಂದ ಮಂಡ್ಯದ ಒಂದು ಪತ್ರಕ್ಕೇ ಈ ಸಲ ಹೆಚ್ಚು ಜಾಗ ಕೊಡುತ್ತಿದ್ದೇನೆ.

ಪ್ರಶ್ನೆ: ಮಂಡ್ಯದಲ್ಲಿ ಸಣ್ಣ ಡಿಟಿಪಿ ಅಂಗಡಿ ಇಟ್ಟಿದ್ದೇನೆ. ಲಗ್ನಪತ್ರಿಕೆ, ಕರಪತ್ರಗಳ ಕೆಲಸ. ರಾತ್ರಿ ಅದೇ ಕಂಪ್ಯೂಟರಿನಲ್ಲಿ ಮಗ ವ್ಯಾಲರಂಟ್ ಆಡುತ್ತಾನೆ. ಅವನಿಗೆ 240 ಹರ್ಟ್ಸ್‌ನದೇ ಬೇಕಂತೆ. ಮಾರಾಟಗಾರರು 27 ಇಂಚಿನ, ಬಾಗಿದ ಪರದೆಯ, ‘1 ಎಂಎಸ್’ ಎಂದು ಬರೆದಿರುವ ಫುಲ್ ಎಚ್‌ಡಿ ಮಾನಿಟರ್ ತೋರಿಸಿದರು. ಕೈಯಲ್ಲಿ 20,000 ರೂಪಾಯಿ ಇದೆ. ಕೊಳ್ಳಬಹುದೇ?

ಉತ್ತರ: ಬೇಡ. ಮುಂಗಡ ಕೊಟ್ಟಿದ್ದರೆ ವಾಪಸು ಕೇಳಿ.

ಮೂಲೆಯಿಂದ ಮೂಲೆಗೆ 27 ಇಂಚಿರುವ ಪರದೆಯ ಅಗಲಕ್ಕೆ ಫುಲ್ ಎಚ್‌ಡಿಯ 1920 ಪಿಕ್ಸೆಲ್‌ಗಳನ್ನು ಹರಡಿದರೆ ಒಂದೊಂದು ಪಿಕ್ಸೆಲ್ 0.31 ಮಿಲಿಮೀಟರ್ ಆಗುತ್ತದೆ. ನಿಮ್ಮ ಪತ್ರಿಕೆಯ 12 ಪಾಯಿಂಟ್ ಸಾಲನ್ನು ಕಾಗದದಲ್ಲಿ ಬರುವ ಗಾತ್ರದಲ್ಲೇ ಪರದೆಯ ಮೇಲೆ ಇಟ್ಟು ನೋಡಿ. ಅದರ ಎತ್ತರ ಸುಮಾರು 4.2 ಮಿಲಿಮೀಟರ್, ಅಂದರೆ 14 ಪಿಕ್ಸೆಲ್ ಕೂಡ ದಕ್ಕುವುದಿಲ್ಲ. ಇಂಗ್ಲಿಷಿಗೆ ಹೇಗೋ ಸಾಕಾದೀತು. ಕನ್ನಡದಲ್ಲಿ ಅಷ್ಟರೊಳಗೇ ತಲೆಕಟ್ಟು, ಗುಣಿತ, ಮೂಲಾಕ್ಷರ, ಅದರ ಕೆಳಗಿನ ಒತ್ತು ಎಲ್ಲವೂ ಹಿಡಿಯಬೇಕು. ‘ಲಕ್ಷ್ಮೀ’, ‘ರಾಷ್ಟ್ರ’ ಎಂಬಲ್ಲಿ ಒಂದಲ್ಲ, ಎರಡು ಒತ್ತುಗಳಿವೆ. ದಕಾರಕ್ಕೂ ಧಕಾರಕ್ಕೂ ಇರುವುದು ಬುಡದಲ್ಲಿನ ಒಂದು ಸಣ್ಣ ಸೀಳಿನ ವ್ಯತ್ಯಾಸ. ಆ ಸೀಳು ಮಸುಕಾದರೆ ‘ಧನಲಕ್ಷ್ಮಿ’ ‘ದನಲಕ್ಷ್ಮಿ’ ಆಗಿದ್ದು ಕರಡು ತಿದ್ದುವಾಗ ಕಣ್ಣಿಗೆ ಬೀಳುವುದಿಲ್ಲ. 500 ಪತ್ರಿಕೆ ಅಚ್ಚಾದ ಮೇಲೆ ವಧುವಿನ ಮನೆಯವರು ಬಂದು ನಿಂತರೆ ನಷ್ಟ ನಿಮ್ಮದೇ. ಅಂಥ ನಷ್ಟ ಹೊತ್ತವರನ್ನು ನಾನು ಕಂಡಿದ್ದೇನೆ, ಅದಕ್ಕೇ ಇಷ್ಟು ಖಾರವಾಗಿ ಬರೆಯುತ್ತಿದ್ದೇನೆ.

ನೀವು ಕೊಳ್ಳಬೇಕಾದದ್ದು 27 ಇಂಚಿನ, 2560×1440 ಪಿಕ್ಸೆಲ್‌ಗಳ, ಐಪಿಎಸ್ (ಓರೆಯಿಂದ ನೋಡಿದರೂ ಬಣ್ಣ ಕೆಡದ ಬಗೆಯ) ಪರದೆಯ, ಬಾಗದ ಮಾನಿಟರ್. ಅದೇ ಸಾಲಿಗೆ ಇಲ್ಲಿ 18 ಪಿಕ್ಸೆಲ್ ಸಿಗುತ್ತದೆ. ಮೆನುವಿನ ಅಕ್ಷರಗಳು ಈಗಿನದಕ್ಕಿಂತ ಚಿಕ್ಕದಾಗಿ ಕಂಡಾವು, ವಾರದಲ್ಲಿ ಒಗ್ಗುತ್ತದೆ. 144 ಅಥವಾ 165 ಹರ್ಟ್ಸ್‌ನ ಇಂಥವು ನಿಮ್ಮ ಹಣದ ಆಸುಪಾಸಿನಲ್ಲೇ ಇವೆ. ಹಣ ಸಾಲದಿದ್ದರೆ 24 ಇಂಚಿನ ಫುಲ್ ಎಚ್‌ಡಿಗೆ ಇಳಿಯಿರಿ, 27ರ ಫುಲ್ ಎಚ್‌ಡಿಗೆ ಮಾತ್ರ ಹೋಗಬೇಡಿ. ‘ಹಾಗಾದರೆ ಇದಕ್ಕಿಂತ ಹೆಚ್ಚು ಪಿಕ್ಸೆಲ್ ಇರುವ 4ಕೆ ಇನ್ನೂ ಒಳ್ಳೆಯದಲ್ಲವೇ?’ ಎಂದು ಕೇಳುತ್ತೀರಿ. ಹೊಸ ತಂತ್ರಾಂಶ ಬಳಸುವವರಿಗೆ ಹೌದು. ನಿಮ್ಮಂಥ ಅಂಗಡಿಗಳಲ್ಲಿ ಇನ್ನೂ ಪುಟವಿನ್ಯಾಸದ ಹಳೆಯ ತಂತ್ರಾಂಶ ಪೇಜ್‌ಮೇಕರ್ ನಡೆಯುತ್ತಿರುತ್ತದೆ. 27 ಇಂಚಿನ 4ಕೆ ಪರದೆಯಲ್ಲಿ ಅದರ ಗುಂಡಿಗಳು ಸಾಸಿವೆಯಷ್ಟಾಗುತ್ತವೆ. ವಿಂಡೋಸ್‌ನಲ್ಲಿ ಶೇ 150ಕ್ಕೆ ಹಿಗ್ಗಿಸಿದರೆ ಆ ಹಳೆಯ ತಂತ್ರಾಂಶದ ಕಿಟಕಿಯೇ ಮಂಜಾಗುತ್ತದೆ. ಕೊಟ್ಟ ಹೆಚ್ಚಿನ ದುಡ್ಡು ವ್ಯರ್ಥ.

ಇನ್ನು ಮಗನ ವಿಷಯ. 60 ಹರ್ಟ್ಸ್‌ನಲ್ಲಿ ಒಂದು ಚಿತ್ರದಿಂದ ಮುಂದಿನದಕ್ಕೆ 16.7 ಮಿಲಿಸೆಕೆಂಡ್, 144ರಲ್ಲಿ 6.9, 240ರಲ್ಲಿ 4.2. ಮೊದಲ ಹೆಜ್ಜೆಯಲ್ಲಿ ಸುಮಾರು 10 ಮಿಲಿಸೆಕೆಂಡ್ ಉಳಿಯುತ್ತದೆ, ಅದು ಯಾರ ಕಣ್ಣಿಗೂ ಕಾಣುತ್ತದೆ. ಎರಡನೆಯದರಲ್ಲಿ ಉಳಿಯುವುದು 3ಕ್ಕೂ ಕಡಿಮೆ. ಅದೂ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 240 ಚಿತ್ರ ಕೊಟ್ಟರೆ ಮಾತ್ರ. ವ್ಯಾಲರಂಟ್ ಹಗುರವಾದ ಆಟ, 1440ರಲ್ಲೂ ಸಾಧಾರಣ ಕಾರ್ಡ್‌ನಲ್ಲಿ ಓಡುತ್ತದೆ. ಭಾರದ ಆಟಗಳಲ್ಲಿ ಕಾರ್ಡ್‌ನ ಮೇಲೆ ಫುಲ್ ಎಚ್‌ಡಿಯ 1.78 ಪಟ್ಟು ಪಿಕ್ಸೆಲ್‌ಗಳ ಹೊರೆ ಬೀಳುತ್ತದೆ, ಅಲ್ಲಿ ಅವನು ಚಿತ್ರದ ಗುಣಮಟ್ಟ ತಗ್ಗಿಸಿಕೊಳ್ಳಲಿ. ಅನ್ನ ಕೊಡುವ ಕೆಲಸಕ್ಕೆ ಮೊದಲ ಮಣೆ.

‘1 ಎಂಎಸ್’ (ಒಂದೇ ಮಿಲಿಸೆಕೆಂಡ್‌ನಲ್ಲಿ ಪಿಕ್ಸೆಲ್ ಬಣ್ಣ ಬದಲಿಸುತ್ತದೆ) ಎಂಬ ಚೀಟಿಯನ್ನು ನಂಬಬೇಡಿ. ಅದರ ಪಕ್ಕದಲ್ಲಿ ಸಣ್ಣದಾಗಿ ‘ಎಂಪಿಆರ್‌ಟಿ’ ಎಂದಿದ್ದರೆ, ಹಿಂಬೆಳಕನ್ನು ಮಿಣುಕಿಸಿ ಪಡೆದ ಅಂಕಿ ಅದು. ಆ ಸೌಲಭ್ಯ ಹಾಕಿದೊಡನೆ ಪರದೆ ಮಂಕಾಗುತ್ತದೆ. ಬಾಗಿದ ಅಗ್ಗದ ಮಾನಿಟರ್‌ಗಳಲ್ಲಿ ಹೆಚ್ಚಿನವು ವಿಎ ಎಂಬ, ಐಪಿಎಸ್ ಅಲ್ಲದ ಇನ್ನೊಂದು ಬಗೆಯ ಪರದೆಯವು. ಕಪ್ಪು ಗಾಢವಾಗಿ ಬರುತ್ತದೆ, ನಿಜ. ಆದರೆ ಕತ್ತಲ ದೃಶ್ಯ ಓಡುವಾಗ ಹಿಂದೆ ಕಪ್ಪು ಬಾಲ ಎಳೆಯುತ್ತದೆ. ಪುಟದ ನೇರ ಅಂಚುಗೆರೆ ಬಾಗಿದಂತೆ ಕಾಣುವ ಪರದೆಯಲ್ಲಿ ವಿನ್ಯಾಸದ ಕೆಲಸ ಮಾಡುವಂತೆ ನಾನು ಯಾರಿಗೂ ಹೇಳುವುದಿಲ್ಲ.

ಅಂಗಡಿಗೆ ಹೋಗುವಾಗ ನೀವೇ ಮಾಡಿದ ಒಂದು ಲಗ್ನಪತ್ರಿಕೆಯ ಪಿಡಿಎಫ್ ಅನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಅವರು ಹಾಕಿ ತೋರಿಸುವ ಗಿಳಿ, ಜಲಪಾತಗಳ ವಿಡಿಯೊದಲ್ಲಿ ಎಲ್ಲ ಮಾನಿಟರ್‌ಗಳೂ ಚೆಂದ. ನಿಮ್ಮ ಕಡತ ತೆರೆಯಲು ಒಪ್ಪದಿದ್ದರೆ ಆ ಅಂಗಡಿಯಿಂದ ಎದ್ದು ಬನ್ನಿ.

ಪ್ರಶ್ನೆ: ಕಣ್ಣುರಿಗೆ ನೀಲಿ ಬೆಳಕು ತಡೆಯುವ ಕನ್ನಡಕ ಕೊಳ್ಳಿ ಎಂದು ಕನ್ನಡಕದ ಅಂಗಡಿಯವರು ಹೇಳುತ್ತಾರೆ. (ಕುವೆಂಪುನಗರ, ಮೈಸೂರು)

ಉತ್ತರ: ಕೊಳ್ಳಬೇಡಿ. 17 ಪ್ರಯೋಗಗಳನ್ನು ಪರಿಶೀಲಿಸಿದ 2023ರ ಕಾಕ್ರೇನ್ (ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಸಂಸ್ಥೆ) ವಿಮರ್ಶೆಯಲ್ಲಿ ಅದರಿಂದ ಕಣ್ಣಿನ ದಣಿವು ತಗ್ಗುತ್ತದೆ ಎನ್ನಲು ಆಧಾರ ಸಿಗಲಿಲ್ಲ. ಪರದೆಯ ಹೊಳಪು ತಗ್ಗಿಸಿ, ಆಗಾಗ ಕಿಟಕಿಯಾಚೆ ನೋಡಿ, ಉರಿ ನಿಲ್ಲದಿದ್ದರೆ ಕಣ್ಣಿನ ವೈದ್ಯರ ಬಳಿಗೆ ಹೋಗಿ, ಅಂಗಡಿಗಲ್ಲ.

ಪ್ರಶ್ನೆ: ಓಎಲ್‌ಇಡಿ ಮಾನಿಟರ್‌ನಲ್ಲಿ ಲೆಕ್ಕಪತ್ರದ ಕೆಲಸ ಮಾಡಬಹುದೇ? (ಶ್ರೀರಂಗಪಟ್ಟಣ)

ಉತ್ತರ: ಓಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗಿ ಸವೆಯುತ್ತದೆ. ದಿನಕ್ಕೆ ಎಂಟು ಗಂಟೆ ಅಲುಗದೆ ನಿಲ್ಲುವ ಎಕ್ಸೆಲ್ ಗೆರೆಗಳು ಕಾಲಕ್ರಮದಲ್ಲಿ ಪರದೆಯ ಮೇಲೆ ಕಲೆಯಾಗಿ ಉಳಿಯಬಹುದು, ಬೇಡ.

ಪ್ರಶ್ನೆ: 144 ಹರ್ಟ್ಸ್‌ನದು ಕೊಂಡು ತಂದಿದ್ದೇನೆ, ಏನೂ ವ್ಯತ್ಯಾಸ ಕಾಣುತ್ತಿಲ್ಲ. ಮೋಸ ಹೋದೆನೇ? (ಸರಸ್ವತಿಪುರಂ, ಮೈಸೂರು)

ಉತ್ತರ: ಈ ವರ್ಷ ಎಷ್ಟನೆಯ ಸಲವೋ ಇದಕ್ಕೆ ಉತ್ತರಿಸುತ್ತಿದ್ದೇನೆ: ಕೇಬಲ್ಲನ್ನು ಮದರ್‌ಬೋರ್ಡ್‌ನಿಂದ ತೆಗೆದು ಗ್ರಾಫಿಕ್ಸ್ ಕಾರ್ಡ್‌ನ ಡಿಸ್‌ಪ್ಲೇಪೋರ್ಟ್‌ಗೆ ಚುಚ್ಚಿ, ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ಗಳಲ್ಲಿ 60 ಎಂದಿರುವುದನ್ನು 144 ಮಾಡಿ.