ಹಳೆಯ ಮರಳು, ಹೊಸ ತೊಟ್ಟಿ

ಪ್ರಶ್ನೆ: ನಮ್ಮ 150 ಲೀಟರಿನ ಉಪ್ಪುನೀರಿನ ಅಕ್ವೇರಿಯಂನಿಂದ ಸೆಕೆಂಡ್ ಹ್ಯಾಂಡ್ ಕೊಂಡ 400 ಲೀಟರಿನ ತೊಟ್ಟಿಗೆ ಮೀನುಗಳನ್ನು ಸಾಗಿಸಬೇಕು. ಮಾರಿದವರು ಅವರ ಮರಳನ್ನೂ ಬಕೆಟ್‌ನಲ್ಲಿ ಕೊಟ್ಟಿದ್ದಾರೆ. ನಮ್ಮ ಮರಳು, ಅವರ ಮರಳು ಎರಡನ್ನೂ ಹಾಗೇ ಸುರಿಯಬಹುದೇ?

ಉತ್ತರ: ಖಂಡಿತ ಬೇಡ. ಮುಚ್ಚಿಟ್ಟ ಬಕೆಟ್‌ನಲ್ಲಿ ಆಮ್ಲಜನಕವಿಲ್ಲದೆ ಹುಳು, ಸಣ್ಣ ಜೀವಿಗಳು ಸತ್ತು ಕೊಳೆಯುತ್ತವೆ. ಮುಚ್ಚಳ ತೆಗೆದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ. ಮಾರಿದವರನ್ನು ಒಂದು ಮಾತು ಕೇಳಿ: ತೊಟ್ಟಿಗೆ ತಾಮ್ರದ ಔಷಧಿ ಹಾಕಿದ್ದರೇ? ಹೌದೆಂದರೆ ಆ ಮರಳನ್ನು ಎಸೆಯಿರಿ. ಅರಗೊನೈಟ್ (ಉಪ್ಪುನೀರಿನ ತೊಟ್ಟಿಗೆ ಹಾಕುವ ಸುಣ್ಣದಂಶದ ಮರಳು) ತಾಮ್ರವನ್ನು ಹೀರಿಟ್ಟುಕೊಂಡು ಮೆಲ್ಲಗೆ ಬಿಡುತ್ತದೆ; ಸಿಗಡಿ, ಹವಳ ಉಳಿಯುವುದಿಲ್ಲ.

ನಿಮ್ಮದೇ ಮರಳೂ ಸುರಕ್ಷಿತವಲ್ಲ. ಕೆದಕಿದೊಡನೆ ತಳದಲ್ಲಿ ಕೂತ ಕಸ ಮೇಲೆದ್ದು ಅಮೋನಿಯಾ ಏರುತ್ತದೆ. ಹಾಗಾಗಿ ಮೊದಲು ಬಂಡೆ, ಮೀನುಗಳನ್ನು ಹಳೆಯ ನೀರಿನಲ್ಲೇ ಹೀಟರ್, ಪಂಪ್ ಸಹಿತ ಬೇರೆಡೆ ಇಡಿ. ಮೇಲ್ಪದರದ ಒಂದೆರಡು ಲೋಟ ಮರಳನ್ನು, ಅಮೋನಿಯಾ ಅರಗಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳ ಬೀಜವಾಗಿ ತೆಗೆದಿಟ್ಟು, ಉಳಿದದ್ದನ್ನು ಐದೈದು ಕಿಲೋದಂತೆ ನಲ್ಲಿ ನೀರಿನಲ್ಲಿ ಕಲಕಿ ತೊಳೆಯಿರಿ. ನೀರು ತಿಳಿಯಾಗುವವರೆಗೆ ತೊಳೆಯುತ್ತಲೇ ಇರಿ. ಕೊನೆಯ ಸಲಕ್ಕೆ ಆರ್‌ಒ ನೀರು. ತೊಳೆದರೆ ಆ ಬ್ಯಾಕ್ಟೀರಿಯಾಗಳು ಸಾಯುತ್ತವೆಂಬ ಭಯ ಅತಿಯಾದದ್ದು, ಅವು ಬಂಡೆಯಲ್ಲೂ ಧಾರಾಳವಾಗಿವೆ.

120×60 ಸೆಂ.ಮೀ. ತಳಕ್ಕೆ 4 ಸೆಂ.ಮೀ. ದಪ್ಪಕ್ಕೆ ಸುಮಾರು 45 ಕಿಲೋ ಬೇಕು. ಕೊರತೆಗೆ ಹೊಸದು ಸೇರಿಸಿ. ಬಂಡೆಯನ್ನು ಗಾಜಿನ ಮೇಲೆ ಕೂರಿಸಿದ ನಂತರವೇ ಮರಳು ಹಾಕಿ, ಇಲ್ಲವಾದರೆ ಬಿಲ ತೋಡುವ ಮೀನು ಬಂಡೆಯನ್ನು ಉರುಳಿಸೀತು. ಹೊಸ ನೀರಿನ ಸಾಂದ್ರತೆ (ಸಿಹಿನೀರಿಗೆ ಹೋಲಿಸಿ) 1.025, ಉಷ್ಣತೆ 25-26 ಡಿಗ್ರಿ ಇರಲಿ. ಎರಡು ವಾರ ದಿನವೂ ಅಮೋನಿಯಾ ಪರೀಕ್ಷಿಸಿ, ಆಹಾರ ಕಡಿಮೆ ಮಾಡಿ.